ಗೂಡು ಕಾದವರ ಲೆಕ್ಕದ ಪುಸ್ತಕ: ಬೇಟೆಹಕ್ಕಿಗಳ ಮರಿ ಹಾರುವುದನ್ನು ನೋಡಿದವರ ಚರಿತ್ರೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ಧ್ವನಿ ಕೇಳಿಸ್ತಾ ಉಂಟು ಅಂದ್ಕೊಳ್ತೇನೆ. ನಮ್ಮಲ್ಲಿ ಸಂಜೆ ಗುಡುಗಿದರೆ ನೆಟ್‌ವರ್ಕ್ ಹೋಗ್ತದೆ. ಹೋದರೆ ದಯವಿಟ್ಟು ಎರಡು ನಿಮಿಷ ಕಾಯಿರಿ, ವಾಪಸ್ ಬರ್ತೇನೆ.

ಗೋಷ್ಠಿಯ ವಿಷಯ ಗಡಿಯಾಚೆಯ ಕನ್ನಡಿಗರು. ನಾನು ಕಾಸರಗೋಡಿನವಳು. ಹಾಗಾಗಿ ಗೋವಿಂದ ಪೈಗಳ ಬಗ್ಗೆಯೋ ಕಯ್ಯಾರರ ಬಗ್ಗೆಯೋ ಮಹಾಜನ ವರದಿಯ ಬಗ್ಗೆಯೋ ಮಾತಾಡ್ತಾಳೆ ಅಂತ ನೀವು ಎಣಿಸಿದ್ದರೆ ತಪ್ಪಿಲ್ಲ. ನಾನು ಮಾತಾಡಲಿಕ್ಕೆ ಹೊರಟದ್ದು ಹದ್ದಿನ ಗೂಡುಗಳ ಬಗ್ಗೆ, ಅದರಲ್ಲೂ ಮುಕ್ಕಾಲು ಪಾಲು ಅಮೆರಿಕದ ಗೂಡುಗಳ ಬಗ್ಗೆ. ಪ್ರಬಂಧದ ಸಾರಾಂಶ ಓದಿದ ನನ್ನ ಮಾರ್ಗದರ್ಶಕರು "ಇದರಲ್ಲಿ ಕನ್ನಡ ಎಲ್ಲಿ ಉಂಟು ಮಾರಾಯ್ತಿ?" ಅಂತ ಕೇಳಿದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಸ್ವಲ್ಪ ಉಂಟು, ಆದರೆ ಅದು ಕೊನೆಗೆ ಬರ್ತದೆ.

ಮೊದಲು ನಾನು ಇದಕ್ಕೆ ಸಿಕ್ಕಿಬಿದ್ದದ್ದು ಹೇಗೆ ಅಂತ ಹೇಳಿಬಿಡ್ತೇನೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಬೆಟ್ಟಗಳಲ್ಲಿ ಬಿಗ್ ಬೇರ್ ಎಂಬ ಸರೋವರ ಉಂಟು. ಅದರ ಹತ್ತಿರದ ಎತ್ತರದ ಪೈನ್ ಮರವೊಂದರ ಮೇಲೆ ಬಿಳಿತಲೆಯ ಹದ್ದುಗಳ ಒಂದು ಗೂಡು. (ಬಾಲ್ಡ್ ಈಗಲ್ ಅನ್ನುವುದನ್ನು ನಮ್ಮ ಕೆಲವು ಪುಸ್ತಕಗಳಲ್ಲಿ ಬೋಳು ಹದ್ದು ಅಂತ ಮಾಡಿದ್ದಾರೆ. ಅದರ ತಲೆ ಬೋಳೇನೂ ಅಲ್ಲ, ತುಂಬ ಬಿಳಿ ಗರಿ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಬಿಳಿ ಮಚ್ಚೆಯದ್ದು ಎಂಬ ಅರ್ಥ ಇತ್ತು. ಭಾಷಾಂತರದ ತರಗತಿಗೆ ಇದು ಒಳ್ಳೆಯ ಉದಾಹರಣೆ.) ಗೂಡಿನ ಪಕ್ಕದಲ್ಲಿ ಒಂದು ಕ್ಯಾಮೆರಾ, ರಾತ್ರಿ ಹಗಲು ನೇರಪ್ರಸಾರ. ಹೆಣ್ಣಿನ ಹೆಸರು ಜಾಕಿ, ಗಂಡಿನದ್ದು ಶಾಡೋ. 2025ರ ಮಾರ್ಚ್‌ನಲ್ಲಿ ಅಲ್ಲಿ ಮೂರು ಮೊಟ್ಟೆ ಒಡೆದು ಮೂರು ಮರಿ ಬಂದವು. ಅದೇ ತಿಂಗಳ ಹಿಮದ ಬಿರುಗಾಳಿಯಲ್ಲಿ ಒಂದು ಸತ್ತಿತು. ರಾತ್ರಿಯಿಡೀ ತಾಯಿ ರೆಕ್ಕೆ ಹರಡಿ ಹಿಮದ ಕೆಳಗೆ ಕೂತದ್ದನ್ನು ನಾನು ಫೋನಿನಲ್ಲಿ ನೋಡಿದ್ದೇನೆ. ಬೆಳಿಗ್ಗೆ ಎರಡೇ ತಲೆ ಕಾಣಿಸ್ತಿತ್ತು.

ಬೇಸಿಗೆಯಲ್ಲಿ ಆ ಊರಿಗೂ ನಮಗೂ ಹನ್ನೆರಡೂವರೆ ಗಂಟೆಯ ವ್ಯತ್ಯಾಸ. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬೆಳಕು ಹರಿಯುತ್ತದೆ. ಅಜ್ಜಿ ದೇವರ ಮುಂದೆ ಕೂತರೆ ನಾನು ಜಗಲಿಯಲ್ಲಿ ಗೂಡಿನ ಮುಂದೆ.

ಮರಿ ಬೆಳೆಯುವುದನ್ನು ದಿನಾ ನೋಡಿದವರಿಗೆ ಒಂದು ವಿಷಯ ಗೊತ್ತುಂಟು: ಹೆಚ್ಚಿನ ಹೊತ್ತು ಎಂತದ್ದೂ ನಡೆಯುವುದಿಲ್ಲ. ಗಾಳಿ ಬೀಸ್ತದೆ, ಮರಿ ಮಲಗ್ತದೆ. ಅಪ್ಪ ಮೀನು ತಂದು ಹಾಕಿದರೆ ಐದು ನಿಮಿಷದ ಗದ್ದಲ. ಗಂಟಲ ಕೆಳಗಿನ ಚೀಲ ಉಬ್ಬಿದ ಮೇಲೆ ಮತ್ತೆ ನಿದ್ದೆ. ಮೊದಲ ವಾರ ಬಿಳಿ ತುಪ್ಪಳು, ಆಮೇಲೆ ಬೂದು ತುಪ್ಪಳು. ಅದರ ನಡುವಿನಿಂದ ಕಪ್ಪು ಗರಿಗಳ ಕೊಳವೆ ಹೊರಡುತ್ತದೆ. ಎಂಟು ಒಂಬತ್ತು ವಾರಕ್ಕೆ ಮರಿ ಗೂಡಿನ ಅಂಚಿಗೆ ಬಂದು ನಿಂತು ರೆಕ್ಕೆ ಬಡಿಯಲಿಕ್ಕೆ ಶುರು ಮಾಡ್ತದೆ. ಗಾಳಿ ಜೋರಿದ್ದರೆ ಒಂದು ಮೊಳ ಮೇಲಕ್ಕೆ ಎದ್ದು, ಗಾಬರಿಯಾಗಿ, ಧೊಪ್ಪಂತ ಅಲ್ಲೇ ಕೂರುತ್ತದೆ. ಆಮೇಲೆ ಪಕ್ಕದ ಕೊಂಬೆಗೆ ನೆಗೆದು, ವಾಪಸ್ ಬರಲಿಕ್ಕೆ ಧೈರ್ಯ ಸಾಲದೆ ಅರ್ಧ ಗಂಟೆ ಕೂಗುತ್ತದೆ. ಹತ್ತರಿಂದ ಹದಿಮೂರು ವಾರದ ನಡುವೆ ಒಂದು ದಿನ ಗೂಡು ಖಾಲಿ. ಕ್ಯಾಮೆರಾ ಮರಿಯ ಹಿಂದೆ ಹೋಗುವುದಿಲ್ಲವಲ್ಲ. ಹಾರಿತೋ ಬಿದ್ದಿತೋ ಆ ಕ್ಷಣಕ್ಕೆ ಹೇಳಲಿಕ್ಕಾಗುವುದಿಲ್ಲ. ಅದು ಮತ್ತೆ ಊಟಕ್ಕೆ ಗೂಡಿಗೆ ಬಂದು ಇಳಿದರೆ ಮಾತ್ರ ಉತ್ತರ.

ಬಿಗ್ ಬೇರಿನ ಎರಡು ಮರಿಗಳೂ ಜೂನ್ ಮೊದಲ ವಾರ ಹಾರಿದವು. ನಾನು ನೋಡಲಿಲ್ಲ. ಮುಂಗಾರು ಹಿಡಿದಿತ್ತು, ನಮ್ಮಲ್ಲಿ ಕರೆಂಟ್ ಇರಲಿಲ್ಲ. ಮೂರು ತಿಂಗಳು ಕಾದವಳಿಗೆ ಸಿಕ್ಕಿದ್ದು ಮರುದಿನದ ಮರುಪ್ರಸಾರ. ಆ ಬೇಜಾರಿನಲ್ಲೇ ಈ ಪ್ರಶ್ನೆ ಹುಟ್ಟಿತು: ಹೀಗೆ ಗೂಡಿನ ಮುಂದೆ ಕೂತು ಕಾಯುವುದನ್ನು ಮೊದಲು ಮಾಡಿದವರು ಯಾರು, ಯಾಕೆ ಮಾಡಿದರು?

ಹುಡುಕಿದಾಗ ಸಿಕ್ಕಿದ್ದು ನೂರು ವರ್ಷದ ಹಿಂದಿನ ಒಂದು ಉಕ್ಕಿನ ಗೋಪುರ. ಫ್ರಾನ್ಸಿಸ್ ಹೆರಿಕ್ ಎಂಬವರು ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ ಜೀವಶಾಸ್ತ್ರದ ಪ್ರಾಧ್ಯಾಪಕರು. ಈರಿ ಸರೋವರದ ದಂಡೆಯ ವರ್ಮಿಲಿಯನ್ ಎಂಬಲ್ಲಿ ಹದ್ದಿನ ಒಂದು ದೊಡ್ಡ ಗೂಡಿತ್ತು. ವರ್ಷ ವರ್ಷ ಕಡ್ಡಿ ಸೇರಿಸಿ ಸೇರಿಸಿ ಅದು ಹನ್ನೆರಡು ಅಡಿ ಎತ್ತರ, ಸುಮಾರು ಎರಡು ಟನ್ ತೂಕ ಆಗಿತ್ತು. ಅದೇ ಗೂಡಿನಲ್ಲಿ ಹದ್ದುಗಳು 34 ವರ್ಷ ಸಂಸಾರ ಮಾಡಿದ್ದವು. ಹೆರಿಕ್ 1922ರಲ್ಲಿ ಗೂಡಿನೊಳಕ್ಕೆ ಕಣ್ಣು ಹಾಯುವಷ್ಟು ಎತ್ತರದ ಉಕ್ಕಿನ ಗೋಪುರ ಕಟ್ಟಿಸಿ, ಮೇಲೆ ಡೇರೆಯಂತಹ ಮರೆ ಮಾಡಿ, ಅದರೊಳಗೆ ಕೂತು ನೋಡಿದರು. ಯಾವಾಗ ಯಾವ ಮೀನು ಬಂತು, ಯಾವ ಮರಿ ಮೊದಲು ತಿಂದಿತು, ಯಾವಾಗ ರೆಕ್ಕೆ ಬಡಿಯಿತು, ಎಲ್ಲ ಬರೆದಿಟ್ಟರು. 1925ರಲ್ಲಿ ಬಿರುಗಾಳಿಗೆ ಆ ಮರ ಉರುಳಿತು, ಗೂಡು ಹೋಯಿತು. ಅವರು ಬೇರೆ ಗೂಡಿಗೆ ಹೋದರು. 1934ರಲ್ಲಿ ಇದನ್ನೆಲ್ಲ ಸೇರಿಸಿ ಪುಸ್ತಕ ತಂದರು. ನನ್ನ ಫೋನಿನಲ್ಲಿ ಕಾಣುವ ದೃಶ್ಯದ ಕೋನ ಹೆರಿಕರ ಗೋಪುರದ್ದೇ. ಅವರ ಜಾಗದಲ್ಲಿ ಕ್ಯಾಮೆರಾ ಕೂತಿದೆ, ಅಷ್ಟೆ.

ಇದಕ್ಕಿಂತ ನನಗೆ ಹತ್ತಿರದವರು ಎನಿಸಿದ್ದು ಚಾರ್ಲ್ಸ್ ಬ್ರೋಲಿ. ಅವರು ಪ್ರಾಧ್ಯಾಪಕರೂ ಅಲ್ಲ, ವಿಜ್ಞಾನಿಯೂ ಅಲ್ಲ. ಕೆನಡಾದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. 1939ರಿಂದ ಚಳಿಗಾಲದಲ್ಲಿ ಫ್ಲಾರಿಡಾಕ್ಕೆ ಬಂದು, ಹಗ್ಗದ ಏಣಿ ಹಾಕಿ ಮರ ಹತ್ತಿ ಹದ್ದಿನ ಮರಿಗಳ ಕಾಲಿಗೆ ಉಂಗುರ ತೊಡಿಸತೊಡಗಿದರು. ಅರುವತ್ತರ ಹರೆಯದಲ್ಲಿ ಈ ಕೆಲಸ! ನಮ್ಮಲ್ಲಿ ಅಡಿಕೆ ಮರ ಹತ್ತುವವರೂ ಆ ವಯಸ್ಸಿಗೆ ತಳೆ ಬಿಚ್ಚಿಡುತ್ತಾರೆ. ಮೊದಲ ಹತ್ತು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಮರಿಗಳಿಗೆ ಉಂಗುರ ಹಾಕಿದರು. ಫ್ಲಾರಿಡಾದ ಮರಿಗಳು ಹಾರಲು ಕಲಿತ ಮೇಲೆ ಕೆನಡಾದವರೆಗೂ ಹೋಗುತ್ತವೆ ಎಂದು ಗೊತ್ತಾದದ್ದು ಆ ಉಂಗುರಗಳಿಂದ.

1947ರಿಂದ ಮುಂದಕ್ಕೆ ಲೆಕ್ಕ ತಪ್ಪತೊಡಗಿತು. ಬ್ರೋಲಿ ಬ್ಯಾಂಕಿನವರಲ್ಲವೆ, ಲೆಕ್ಕ ತಪ್ಪಿದ್ದು ಅವರಿಗೆ ಕಾಣಲೇಬೇಕು. ಗೂಡು ಉಂಟು, ಹದ್ದು ಉಂಟು, ಮರಿ ಇಲ್ಲ. 1952ರಿಂದ 1957ರ ನಡುವೆ ನೂರರಲ್ಲಿ ಎಂಭತ್ತು ಗೂಡುಗಳಲ್ಲಿ ಮರಿಯಾಗಲಿಲ್ಲ. ಆ ಅವಧಿಯ ಕೊನೆಯ ವರ್ಷದಲ್ಲಿ ಹದ್ದು ಕೂತಿದ್ದ ಗೂಡು 43. ಅದರಲ್ಲಿ ಮರಿ ಬಂದದ್ದು 7ರಲ್ಲಿ. 23ರಲ್ಲಿ ಮೊಟ್ಟೆ ಇಟ್ಟರೂ ಒಡೆಯಲಿಲ್ಲ. ಉಳಿದ 13ನ್ನು ಹದ್ದುಗಳು ಬರೀ ಊಟದ ಜಾಗವಾಗಿ ಬಳಸಿದವು, ಮೊಟ್ಟೆಯನ್ನೇ ಇಡಲಿಲ್ಲ. 1958ರಲ್ಲಿ ನೂರು ಮೈಲಿ ಸುತ್ತಿದ ಮೇಲೆ ಅವರಿಗೆ ಉಂಗುರ ಹಾಕಲಿಕ್ಕೆ ಸಿಕ್ಕಿದ ಮರಿ ಒಂದೇ ಒಂದು. ಡಿಡಿಟಿಯೇ ಕಾರಣ ಇರಬೇಕು ಎಂದು ಅವರು ಬರೆದದ್ದು ಆ ವರ್ಷ. ಮರುವರ್ಷ ತೀರಿಕೊಂಡರು. 1962ರಲ್ಲಿ ರೇಚೆಲ್ ಕಾರ್ಸನ್ ತಮ್ಮ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಈ ಲೆಕ್ಕವನ್ನೇ ಮುಂದಿಟ್ಟರು.

ವಿಷ ಹದ್ದನ್ನು ನೇರವಾಗಿ ಕೊಲ್ಲುತ್ತಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಕೊಂದಿದ್ದರೆ ಹೆಣ ಸಿಗ್ತಿತ್ತು, ಜನ ಕೇಳ್ತಿದ್ದರು. ಅದು ಮೊಟ್ಟೆಯ ಚಿಪ್ಪನ್ನು ತೆಳ್ಳಗೆ ಮಾಡ್ತಿತ್ತು. ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆದುಹೋಗ್ತಿತ್ತು. ಇದನ್ನು ತೋರಿಸಿಕೊಟ್ಟದ್ದು ಬ್ರಿಟನ್ನಿನ ಡೆರೆಕ್ ರ‍್ಯಾಟ್‌ಕ್ಲಿಫ್, 1967ರಲ್ಲಿ, ಪೆರಿಗ್ರಿನ್ ಎಂಬ ಡೇಗೆಯ ಮೊಟ್ಟೆಗಳನ್ನು ತೂಗಿ. ಹಳೆಯ ಕಾಲದ ಮೊಟ್ಟೆ ಹೋಲಿಸಲಿಕ್ಕೆ ಅವರಿಗೆ ಸಿಕ್ಕಿದ್ದು ಎಲ್ಲಿಂದ ಗೊತ್ತುಂಟಾ? ಗೂಡು ದೋಚಿ ಮೊಟ್ಟೆ ಸಂಗ್ರಹಿಸುವ ಹವ್ಯಾಸಿಗಳ ಪೆಟ್ಟಿಗೆಗಳಿಂದ. ಕಳ್ಳನ ಮನೆಯಲ್ಲಿ ಸಾಕ್ಷಿ ಸಿಕ್ಕಿದ ಹಾಗೆ. ಹಳೆಗನ್ನಡ ಪಾಠಗಳ ಓಲೆಗರಿ ಯಾರ್ಯಾರ ಅಟ್ಟದಲ್ಲೋ ಉಳಿದು ನಮಗೆ ಸಿಕ್ಕಿದ್ದು ನೆನಪಾಯಿತು, ಹೋಲಿಕೆ ಪೂರ್ತಿ ಸರಿಯಲ್ಲದಿದ್ದರೂ.

ಅಲ್ಲಿಯವರೆಗೆ ಗೂಡು ನೋಡುವುದು ಒಬ್ಬಿಬ್ಬರ ಕೆಲಸ. ಸಾವಿರ ಜನ ಒಟ್ಟಿಗೆ ನೋಡುವ ಪದ್ಧತಿ ಶುರುವಾದದ್ದು ಒಂದು ಕಳ್ಳತನದಿಂದ. ಸ್ಕಾಟ್‌ಲ್ಯಾಂಡಿನಲ್ಲಿ ಆಸ್ಪ್ರೇ, ಅಂದರೆ ಮೀನು ಹಿಡಿಯುವ ಡೇಗೆ, ಬೇಟೆ ಮತ್ತು ಮೊಟ್ಟೆಗಳ್ಳರ ಕಾಟದಿಂದ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲ್ಲವಾಗಿತ್ತು. 1950ರ ದಶಕದಲ್ಲಿ ಒಂದು ಜೋಡಿ ಲಾಕ್ ಗಾರ್ಟನ್ ಎಂಬ ಸರೋವರದ ಕಡೆಗೆ ಮರಳಿ ಬಂತು. ಹಕ್ಕಿಗಳ ರಕ್ಷಣೆಯ ಬ್ರಿಟಿಷ್ ಸಂಸ್ಥೆಯ ಜಾರ್ಜ್ ವಾಟರ್ಸ್ಟನ್ ಮತ್ತು ಸಂಗಡಿಗರು ಜಾಗವನ್ನು ಗುಟ್ಟಾಗಿಟ್ಟು ಕಾವಲು ಕೂತರು. 1958ರ ಒಂದು ರಾತ್ರಿ ಕಾವಲಿದ್ದಾಗಲೇ ಕಳ್ಳ ಮರ ಹತ್ತಿ ಮೊಟ್ಟೆ ತೆಗೆದ, ಬದಲಿಗೆ ಬೂಟ್ ಪಾಲಿಶ್ ಬಳಿದ ಕೋಳಿಮೊಟ್ಟೆ ಇಟ್ಟ. ಮರುವರ್ಷ ಅವರು ತಿರುಗಾಮುರುಗಾ ಮಾಡಿದರು: ಗುಟ್ಟು ಬಿಟ್ಟು, ಜನರನ್ನು ಕರೆದರು. ದೂರದಲ್ಲಿ ದುರ್ಬೀನು ಇಟ್ಟು ಬಂದು ನೋಡಿ ಅಂದರು. ಆ ಒಂದು ಋತುವಿನಲ್ಲಿ ಸುಮಾರು 14,000 ಜನ ಬಂದರು, ಮೂರು ಮರಿ ಹಾರಿದವು. ಊರೆಲ್ಲ ನೋಡ್ತಾ ಇರುವಾಗ ಕಳ್ಳ ಎಲ್ಲಿಂದ ಬರುವುದು? ಇವತ್ತಿನ ನೇರಪ್ರಸಾರದ ಹಿಂದಿನ ಧೈರ್ಯ ಇಲ್ಲಿಂದ ಬಂದದ್ದು ಎಂದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಕವಲು ಮಾತು. ಅಮೆರಿಕದಲ್ಲಿ 1972ರಲ್ಲಿ ಡಿಡಿಟಿ ನಿಷೇಧ ಆಯಿತು. ಆದರೆ ದೇಶದ ಪೂರ್ವ ಭಾಗದಲ್ಲಿ ಅಷ್ಟರಲ್ಲೇ ಪೆರಿಗ್ರಿನ್ ಡೇಗೆ ಪೂರ್ತಿ ಅಳಿದಿತ್ತು. ಅದನ್ನು ವಾಪಸ್ ತಂದವರು ಡೇಗೆ ಸಾಕಿ ಬೇಟೆಯಾಡುವ ಹವ್ಯಾಸದವರು, ಮುಖ್ಯವಾಗಿ ಕಾರ್ನೆಲ್ ವಿಶ್ವವಿದ್ಯಾಲಯದ ಟಾಮ್ ಕೇಡ್. ಮರಿಗಳನ್ನು ಎತ್ತರದ ಪೆಟ್ಟಿಗೆಯಲ್ಲಿಟ್ಟು, ತಮ್ಮನ್ನು ಕಾಣದಂತೆ ಊಟ ಕೊಟ್ಟು, ಹಾರಿ ಬೇಟೆ ಕಲಿಯುವವರೆಗೆ ದೂರದಿಂದ ನೋಡಿಕೊಳ್ಳುವುದು ಆ ಬೇಟೆಗಾರರ ಹಳೆಯ ವಿದ್ಯೆ. ಅದನ್ನೇ ಅವರು ಕಾಡಿಗೆ ಬಿಡಲು ಬಳಸಿದರು. ಈ ಬೇಟೆಯ ವಿದ್ಯೆ ನಮಗೆ ಪರದೇಶದ್ದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ, ಹನ್ನೆರಡನೇ ಶತಮಾನದಲ್ಲಿ, ರಾಜನ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದಕ್ಕೂ ಜಾಗ ಉಂಟು. ಸೊಲ್ಲಾಪುರ, ಅಕ್ಕಲಕೋಟೆ, ಪಶ್ಚಿಮ ತೆಲಂಗಾಣ ಎಂದು ಈ ಗೋಷ್ಠಿಯಲ್ಲಿ ನಾವು ಹೇಳ್ತಾ ಇರುವ ಊರುಗಳೆಲ್ಲ ಆಗ ಆ ಕಲ್ಯಾಣದ ಆಳ್ವಿಕೆಯವು. ಗಿಡುಗ, ಡೇಗೆ, ಸಾಳುವ ಎಂಬ ಬೇರೆಬೇರೆ ಪದ ನಮ್ಮಲ್ಲಿ ಉಳಿದದ್ದು ಯಾರೋ ಈ ಹಕ್ಕಿಗಳನ್ನು ಹತ್ತಿರದಿಂದ ಬಿಡಿಸಿ ನೋಡಿದ್ದರಿಂದಲೇ. ವಿಜಯನಗರವನ್ನು ಆಳಿದ ಒಂದು ಮನೆತನವೇ ಸಾಳುವ ಎಂದು ಕರೆಸಿಕೊಂಡಿತು. ಈಗ ನನ್ನ ತರಗತಿಯಲ್ಲಿ ಕೇಳಿದರೆ ಎಲ್ಲದಕ್ಕೂ ಹದ್ದು ಎಂಬ ಒಂದೇ ಪದ. ನಾನೂ ಹಾಗೆಯೇ ಇದ್ದೆ.

ಕ್ಯಾಮೆರಾದ ಕಥೆ ಬೇಗ ಹೇಳಿ ಮುಗಿಸ್ತೇನೆ. ಬಿಡುಗಡೆಯಾದ ಡೇಗೆಗಳಿಗೆ ನಗರದ ಎತ್ತರದ ಕಟ್ಟಡಗಳು ಬಂಡೆಯ ಹಾಗೆ ಕಂಡವು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಕೊಡ್ಯಾಕ್ ಕಂಪನಿಯ ಕಟ್ಟಡದ ಮೇಲಿನ ಗೂಡುಪೆಟ್ಟಿಗೆಯನ್ನು 1998ರಲ್ಲಿ ಅಂತರಜಾಲದಲ್ಲಿ ತೋರಿಸತೊಡಗಿದರು. ಆಗ ಬರ್ತಿದ್ದದ್ದು ಆಗಾಗ ಬದಲಾಗುವ ಸ್ಥಿರಚಿತ್ರ. 2011ರಲ್ಲಿ ಅಯೋವಾದ ಡೆಕೋರಾ ಎಂಬ ಸಣ್ಣ ಊರಿನ ಹದ್ದಿನ ಗೂಡು ಲೋಕಪ್ರಸಿದ್ಧವಾಯಿತು. ಒಂದೇ ಋತುವಿನಲ್ಲಿ 20 ಕೋಟಿಗೂ ಹೆಚ್ಚು ವೀಕ್ಷಣೆ. ಅದನ್ನು ನಡೆಸಿದ ಬಾಬ್ ಆಂಡರ್ಸನ್ ಕೂಡ ಮೂಲತಃ ಡೇಗೆ ಸಾಕುವವರೇ. ಮರುವರ್ಷ ಕಾರ್ನೆಲ್‌ನವರು ಕೆಂಪುಬಾಲದ ಗಿಡುಗದ ಗೂಡಿಗೆ ಕ್ಯಾಮೆರಾ ಇಟ್ಟರು.

ಇಷ್ಟು ಜನ ನೋಡತೊಡಗಿದ ಮೇಲೆ ಹೊಸ ತಕರಾರು ಹುಟ್ಟಿತು. 2014ರಲ್ಲಿ ಮಿನೆಸೋಟ ರಾಜ್ಯದ ಸರಕಾರಿ ಕ್ಯಾಮೆರಾದ ಗೂಡಿನಲ್ಲಿ ಒಂದು ಮರಿಗೆ ಏಳಲಿಕ್ಕಾಗದಷ್ಟು ಪೆಟ್ಟಾಯಿತು. ಪ್ರಕೃತಿಯ ಪಾಡಿಗೆ ಬಿಡುವುದು ನಮ್ಮ ನಿಯಮ ಅಂತ ಇಲಾಖೆ ಮೊದಲು ಹೇಳಿತು. ನೋಡ್ತಿದ್ದವರು ಸುಮ್ಮನಿರಲಿಲ್ಲ, ಫೋನು ಪತ್ರ ಸುರಿದವು. ಕಡೆಗೆ ಮರಿಯನ್ನು ಇಳಿಸಿದರು. ರೆಕ್ಕೆಯ ಮೂಳೆ ಮುರಿದು ಸೋಂಕಾಗಿತ್ತು. ಉಳಿಸಲಿಕ್ಕೆ ಆಗದೆ ದಯಾಮರಣ ಕೊಟ್ಟರು. ಇಳಿಸಿದ್ದು ಸರಿಯೋ ತಪ್ಪೋ? ಇಳಿಸದಿದ್ದರೆ ಇನ್ನೆರಡು ದಿನ ನರಳ್ತಿತ್ತು ಅನ್ನುವವರೂ ಇದ್ದಾರೆ, ಹತ್ತಿದ ಗದ್ದಲಕ್ಕೆ ಬೇರೆ ಮರಿಗಳು ಬಿದ್ದಿದ್ದರೆ ಏನು ಗತಿ ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ, ಹಿಮದ ರಾತ್ರಿಯ ಬಿಗ್ ಬೇರ್ ಗೂಡನ್ನು ನೋಡಿದ ಮೇಲೆ, ಕೂತಲ್ಲಿಂದ ಕೂಗುವುದು ಎಷ್ಟು ಸುಲಭ ಅಂತ ಗೊತ್ತಾಗಿದೆ. ಇನ್ನೊಂದು ಕಡೆ ಡೆಕೋರಾದ 2012ರ ಮೂರು ಮರಿಗಳಲ್ಲಿ ಎರಡು, ಕ್ಷೇಮವಾಗಿ ಹಾರಿದ ಮೇಲೆ, ಅದೇ ವರ್ಷ ವಿದ್ಯುತ್ ಕಂಬ ತಗಲಿ ಸತ್ತವು. ಗೂಡು ಬಿಟ್ಟ ಮರಿಗಳಿಗೆ ಏನಾಯಿತು ಅಂತ ಕೇಳುವವರು ಇದ್ದದ್ದರಿಂದ ಇದು ಲೋಕಕ್ಕೆ ತಿಳಿಯಿತು. ಆ ಸುತ್ತಿನ ಕಂಬಗಳನ್ನು ಹಕ್ಕಿಗೆ ತಗಲದಂತೆ ಬದಲಾಯಿಸುವ ಕೆಲಸವೂ ಆಯಿತು. ನೋಡುವವರ ಗದ್ದಲದಿಂದ ಆದ ಲಾಭ ಅಂದರೆ ನನಗೆ ಇದೇ ಕಾಣ್ತದೆ.

ಈಗ ಕಾಸರಗೋಡಿಗೆ ಬರ್ತೇನೆ.

ಬ್ರೋಲಿಯ ಪುಟಗಳನ್ನು ಓದುವಾಗ ನನಗೆ ಪಡ್ರೆ ನೆನಪಾಗದೆ ಇರಲಿಲ್ಲ. ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಕನ್ನಡ ಊರು ಅದು. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಮೇಲಿನ ಸರಕಾರಿ ಒಡೆತನದ ಗೇರುತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಅದೂ ಡಿಡಿಟಿಯ ಹಾಗೆ ಕ್ಲೋರಿನ್ ಸೇರಿದ ಕೀಟನಾಶಕಗಳ ಗುಂಪಿನದ್ದೇ. ಅಂಗವಿಕಲವಾಗಿ ಹುಟ್ಟಿದ ಕರುಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆಯವರು 1979ರಲ್ಲೇ ಬರೆದರು. ಆಮೇಲೆ ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ಕಾಯಿಲೆಗಳನ್ನು ಮನೆಮನೆಯ ಲೆಕ್ಕದಲ್ಲಿ ಗುರುತಿಸಿದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಬ್ರೋಲಿಯ ಪುಸ್ತಕಕ್ಕೂ ಈ ವೈದ್ಯರ ಬರಹಕ್ಕೂ ನಾನು ಕಾಣುವ ಸಂಬಂಧ ಇಷ್ಟೇ: ಇಬ್ಬರೂ ಒಂದೇ ಜಾಗವನ್ನು ಬಿಡದೆ ನೋಡಿ ಬರೆದಿಟ್ಟರು. ಜೇನು ಕಡಿಮೆಯಾಯಿತು, ತೋಡಿನಲ್ಲಿ ಮೀನು, ಕಪ್ಪೆ ಇಲ್ಲ ಎಂದು ಊರವರು ಆಗಲೇ ಹೇಳ್ತಿದ್ದರು. ಆದರೆ ಹಿಂದಿನ ವರ್ಷ ಎಷ್ಟಿತ್ತು ಎಂದು ಕೇಳಿದರೆ ತೋರಿಸಲಿಕ್ಕೆ ಪುಸ್ತಕ ಬೇಕಲ್ಲ. ನನ್ನ ಅಜ್ಜಿಯ ಹತ್ತಿರ ಗಿಡುಗಗಳ ಬಗ್ಗೆ ಕೇಳಿದೆ. "ಮೊದಲು ಕೋಳಿಮರಿ ಅಂಗಳಕ್ಕೆ ಬಿಡಲಿಕ್ಕೆ ಭಯ ಆಗ್ತಿತ್ತು. ಈಗ ಭಯ ಇಲ್ಲ" ಅಂದರು. ಯಾವ ವರ್ಷದಿಂದ ಅಜ್ಜಿ? "ಅದೆಲ್ಲ ಯಾರು ಬರೆದಿಟ್ಟಿದ್ದಾರೆ?"

2023ರಲ್ಲಿ ನಮ್ಮ ಜಿಲ್ಲಾ ಪಂಚಾಯತ್ ಜಿಲ್ಲೆಗೆಂದೇ ಒಂದು ಮರ, ಒಂದು ಹೂ, ಒಂದು ಪ್ರಾಣಿ, ಒಂದು ಹಕ್ಕಿಯನ್ನು ಘೋಷಿಸಿತು. ಮರ ಕಾಸರಕ, ಊರಿನ ಹೆಸರಿನಲ್ಲೇ ಇರುವುದು. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಕೇರಳದಲ್ಲಿ ಅದು ಗೂಡು ಕಟ್ಟುವುದು ಈ ಉತ್ತರದ ಕರಾವಳಿಯಲ್ಲಿ, ಕಾವುಗಳ ಮತ್ತು ಮನೆ ಹಿತ್ತಿಲುಗಳ ದೊಡ್ಡ ಮರಗಳ ಮೇಲೆ. ಪೇಪರಿನಲ್ಲಿ ಅದರ ಹೆಸರು ಮಲಯಾಳದಲ್ಲಿ ಬಂತು, ವೆಳ್ಳವಯರನ್ ಕಡಲ್‌ಪರುಂದ್ ಅಂತ. ಮನೆಯಲ್ಲಿ ತುಳುವಿನಲ್ಲಿ ಎಲ್ಲದಕ್ಕೂ 'ಗಿಡಿ'. ಕನ್ನಡದಲ್ಲಿ ಏನು ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಕ್ಯಾಲಿಫೋರ್ನಿಯಾದ ಹದ್ದುಗಳ ಹೆಸರು, ಮರಿಗಳ ಹುಟ್ಟಿದ ದಿನ ಬಾಯಿಪಾಠ ಇದ್ದವಳಿಗೆ ಮನೆಯಿಂದ ಏಳು ಕಿಲೋಮೀಟರ್ ದೂರದ ಗೂಡು ಗೊತ್ತಿರಲಿಲ್ಲ. ನಾಚಿಕೆ ಆಯಿತು.

ಕಳೆದ ನವೆಂಬರಿನಿಂದ ನಾನು ಮತ್ತು ಮಾವನ ಮಗ ಸೇರಿ ಅಂತಹ ಒಂದು ಗೂಡನ್ನು ನೋಡ್ತಾ ಇದ್ದೇವೆ. ಜಾಗದ ಹೆಸರು ಹೇಳುವುದಿಲ್ಲ. ಸ್ಕಾಟ್‌ಲ್ಯಾಂಡಿನ ಕೋಳಿಮೊಟ್ಟೆಯ ಕಥೆ ಕೇಳಿದಿರಲ್ಲ, ಹದಿನಾಲ್ಕು ಸಾವಿರ ಜನರನ್ನು ಕರೆಯುವ ತಾಕತ್ತು ಬರುವವರೆಗೆ ಗುಟ್ಟೇ ಒಳ್ಳೆಯದು. ಕ್ಯಾಮೆರಾ ಇಲ್ಲ, ಒಂದು ಎರವಲು ದುರ್ಬೀನು ಮತ್ತು ಇನ್ನೂರು ಪುಟದ ನೋಟ್‌ಬುಕ್. ವಾರಕ್ಕೆ ಎರಡು ಸಲ, ಒಂದು ಗಂಟೆ. ಮರದ ಕೆಳಗೆ ಮೀನಿನ ಮುಳ್ಳು, ಕಡಲ ಹಾವಿನ ಮೂಳೆ ಬಿದ್ದಿರ್ತದೆ, ಅದನ್ನೂ ಬರೆಯುತ್ತೇವೆ. ಜನವರಿಯ ಕೊನೆಗೆ ಒಂದು ತಲೆ ಕಾಣಿಸಿತು. ಮಾರ್ಚ್ ಕೊನೆಗೆ ಮರಿ ಕೊಂಬೆಯ ಮೇಲೆ ನಿಂತು ರೆಕ್ಕೆ ಬಡಿಯಿತು. ಏಪ್ರಿಲ್ ಮೊದಲ ವಾರ ಹೋದಾಗ ಗೂಡು ಖಾಲಿ.

ಹಾರಿತೋ ಬಿದ್ದಿತೋ? ಮರುಪ್ರಸಾರ ನೋಡುವ ಹಾಗಿಲ್ಲ. ಮರದ ಬುಡದ ಪೊದೆಯೆಲ್ಲ ಕೋಲಿನಲ್ಲಿ ಸರಿಸಿ ಹುಡುಕಿದೆವು, ಗರಿ ಒಂದೂ ಸಿಗಲಿಲ್ಲ. ನಾಲ್ಕು ದಿನ ಬಿಟ್ಟು ಹೋದಾಗ ಆಚೆಯ ತೆಂಗಿನ ಮರದ ಮಡಲಿನ ಮೇಲೆ ಕಂದು ಬಣ್ಣದ ದೊಡ್ಡ ಹಕ್ಕಿಯೊಂದು ಕೂತು ಊಟಕ್ಕೆ ಕೂಗ್ತಾ ಇತ್ತು. ಎಳೆಯದ್ದು, ಹೊಟ್ಟೆಗೆ ಇನ್ನೂ ಬಿಳಿ ಬಂದಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಕೊನೆಯ ಕಾಲಮ್ಮಿನ ತಲೆಗೆ ನಾನು ನವೆಂಬರಿನಲ್ಲಿ 'ಫ್ಲೆಡ್ಜ್ಡ್' ಅಂತ ಬರೆದಿದ್ದೆ, ಅಮೆರಿಕದ ಗೂಡುಗಳಿಂದ ಕಲಿತ ಪದ. ಅದನ್ನು ಹೊಡೆದುಹಾಕಿ 'ಗೂಡು ಬಿಟ್ಟದ್ದು' ಅಂತ ಬರೆದೆ. ಕೆಳಗೆ 1 ಅಂತ ಹಾಕಿದೆ. ಮಾರ್ಗದರ್ಶಕರ ಪ್ರಶ್ನೆಗೆ ಸದ್ಯಕ್ಕೆ ನನ್ನ ಹತ್ತಿರ ಇರುವ ಉತ್ತರ ಆ ಪುಟ. ಬರುವ ನವೆಂಬರಿಗೆ ಎರಡನೇ ವರ್ಷದ ಸಾಲು ಶುರುವಾಗ್ತದೆ. ಮಂಜೇಶ್ವರ, ಕುಂಬಳೆ ಕಡೆಯವರು ಯಾರಾದರೂ ಈ ಗೋಷ್ಠಿಯಲ್ಲಿದ್ದರೆ, ನಿಮ್ಮ ಹಿತ್ತಿಲ ಮರದಲ್ಲಿ ಗೂಡು ಇದ್ದರೆ, ಪ್ರಶ್ನೋತ್ತರ ಮುಗಿದ ಮೇಲೆ ಸ್ವಲ್ಪ ಉಳಿಯಿರಿ.